ಉಗಿಬಂಡಿಗೆ ಡ್ಯೂಪ್ ಇಲ್ಲ!

ಹೀರೋಗೆ ಡ್ಯೂಪ್ ಉಂಟು. ಹೀರೋಯಿನ್‌ಗೆ ಕಂಠದಾನ ಮಾಡುವವರು ಉಂಟು. ಮಳೆಗೆ ಬದಲು ಟ್ಯಾಂಕರ್ ನೀರು, ಕಣ್ಣೀರಿಗೆ ಬದಲು ಗ್ಲಿಸರಿನ್! ಬೆಳ್ಳಿತೆರೆಯ ಲೋಕದಲ್ಲಿ ಯಾವುದಕ್ಕೆ ತಾನೇ ಬದಲಿ ಇಲ್ಲ ಹೇಳಿ? ಆದರೆ ಒಬ್ಬ ಕಲಾವಿದ ಇದ್ದಾನೆ. ಮೈ ಕಪ್ಪು, ಕಂಠ ಕಂಚು, ತೂಕ ಟನ್ನುಗಟ್ಟಲೆ. ಇವನಿಗೆ ಡ್ಯೂಪ್ ಹಾಕಿದರೆ ಗೊತ್ತಿದ್ದವರ ಕಣ್ಣಿಗೆ ಸಿಕ್ಕಿಬೀಳುವುದು ಗ್ಯಾರಂಟಿ. ಅವನೇ ಉಗಿ ಎಂಜಿನ್!

ಈ ಸತ್ಯ ನಮಗೆ ಹೊಳೆದದ್ದು ಗಾಂಧೀನಗರದಲ್ಲಲ್ಲ, ಯಾವ ಸ್ಟುಡಿಯೋದಲ್ಲೂ ಅಲ್ಲ. ತುಮಕೂರು ತಾಲ್ಲೂಕಿನ ನಮ್ಮ ಕೋರದಲ್ಲಿ, ಬಸ್ಸಿಗೆ ಕಾಯುತ್ತಾ ಕೂತಿದ್ದ ಒಂದು ಟೀ ಅಂಗಡಿಯಲ್ಲಿ. ಅಂಗಡಿಯ ಟೀವಿಯಲ್ಲಿ ಯಾವುದೋ ಸಿನಿಮಾ. ಹಳೇ ಕಾಲದ ಕಥೆ, ಹಳೇ ಕಾಲದ ರೈಲು. ನಾಯಕಿ ಕಿಟಕಿಯಿಂದ ಕೈ ಬೀಸುತ್ತಾಳೆ, ಎಂಜಿನ್ ಕಪ್ಪು ಹೊಗೆಯನ್ನು ಮೋಡದ ಹಾಗೆ ಕಾರುತ್ತಾ ಹೊರಡುತ್ತದೆ. ನಾವು ಕಣ್ಣು ಮಿಟುಕಿಸದೆ ನೋಡುತ್ತಿದ್ದೆವು. ಪಕ್ಕದ ಬೆಂಚಿನಲ್ಲಿ ಕೂತಿದ್ದ ತಾತ ಮಾತ್ರ ಪಕ್ಕನೆ ನಕ್ಕುಬಿಟ್ಟರು.

“ಯಾಕೆ ತಾತ, ನಗ್ತೀರಲ್ಲ?”

“ಸುಳ್ಳು ಕಣಪ್ಪ ಅದು. ಹೊಗೆ ಐತೆ, ಉಗಿ ಎಲ್ಲೈತೆ?”

ವಿಚಾರಿಸಿದರೆ ತಾತ ಹಿಂದೆ ರೈಲ್ವೆಯಲ್ಲಿ ಫೈರ್‌ಮನ್ ಆಗಿದ್ದವರು. ಅರಸೀಕೆರೆ ಕಡೆಯ ಮೀಟರ್ ಗೇಜ್ ಗಾಡಿಗಳಲ್ಲಿ ವರ್ಷಗಟ್ಟಲೆ ಕಲ್ಲಿದ್ದಲು ಎರಚಿದ ಕೈ. “ನನ್ನ ಹೆಸರು ಗಿಸರು ಪೇಪರ್‌ನಾಗೆ ಹಾಕ್ಬ್ಯಾಡ, ವಿಷಯ ಬೇಕಾದ್ರೆ ಬರ್ಕೋ” ಎಂದರು. ಬಸ್ಸು ಬಂತು, ಹೋಯಿತು. ನಾವು ಹತ್ತಲಿಲ್ಲ!

ಹೊಗೆ ಬೇರೆ, ಉಗಿ ಬೇರೆ

ಓದುಗ ಮಿತ್ರರೇ, ತಾತ ಹೇಳಿದ ಮೊದಲ ಪಾಠ ಕೇಳಿದರೆ ನಮ್ಮ ಕ್ಯಾಮೆರಾಮನ್‌ಗಳೆಲ್ಲ ಬೆಚ್ಚಿಬೀಳಬೇಕು. ಕಪ್ಪು ಹೊಗೆ ಎಂಜಿನ್ನಿನ ಅಲಂಕಾರವಲ್ಲ, ಫೈರ್‌ಮನ್‌ನ ಅವಮಾನ! ಕಲ್ಲಿದ್ದಲು ಪೂರ್ತಿ ಉರಿಯದೆ ಹೋದಾಗಲೇ ಕಪ್ಪು ಹೊಗೆ ಬರುವುದು. ಅಂದರೆ ಸರ್ಕಾರದ ಕಲ್ಲಿದ್ದಲು ಆಕಾಶದ ಪಾಲು. “ಕರಿ ಹೊಗೆ ಬಿಟ್ರೆ ಡ್ರೈವರ್ ಸಾಹೇಬ್ರು ಬೈತಿದ್ರು. ಒಲೆ ಮುಂದೆ ಕೂತ ಹೆಂಗಸ್ರಿಗೆ ಗೊತ್ತು, ಸೌದೆ ಒಂದೇ ಸಲ ತುರುಕಿದ್ರೆ ಏನಾಯ್ತದೆ ಅಂತ. ಅಷ್ಟಷ್ಟೇ ಹಾಕ್ಬೇಕು, ತೆಳ್ಳಗೆ ಹರವ್ಬೇಕು.”

ಇನ್ನು ಆ ‘ಛುಕ್ ಛುಕ್’ ಶಬ್ದ? ಸಿಲಿಂಡರಿನಲ್ಲಿ ಕೆಲಸ ಮುಗಿಸಿದ ಉಗಿ ಚಿಮಣಿಯಿಂದ ಹೊರಗೆ ನುಗ್ಗುವ ಸದ್ದು ಅದು. ಸಾಮಾನ್ಯವಾಗಿ ಗಾಲಿ ಒಂದು ಸುತ್ತು ಸುತ್ತಿದರೆ ನಾಲ್ಕು ಬಡಿತ. ಹಾಗೆ ನುಗ್ಗುವಾಗ ಅದು ಬೆಂಕಿಯ ಗಾಳಿಯನ್ನೂ ತನ್ನ ಜೊತೆ ಎಳೆದುಕೊಳ್ಳುತ್ತದೆ. ಅದಕ್ಕೇ ಗಾಡಿ ಏರು ಹತ್ತುವಾಗ ಬೆಂಕಿ ತಾನಾಗಿಯೇ ಭುಗಿಲೇಳುತ್ತದೆ. ಎಷ್ಟು ಜೋರು ಕೆಲಸವೋ ಅಷ್ಟು ಜೋರು ಉಸಿರು! ಡೀಸೆಲ್ ಎಂಜಿನ್ನಿಗೆ ತಗಡು ಹೊದಿಸಿ, ಒಳಗೆ ಹೊಗೆ ಯಂತ್ರ ಇಟ್ಟರೆ ಈ ಉಸಿರು ಬರುತ್ತದೆಯೇ? ಕಿವಿ ಇದ್ದವನಿಗೆ ಒಂದೇ ಕ್ಷಣದಲ್ಲಿ ಗುಟ್ಟು ರಟ್ಟು.

ಕಂಪನಿ ಹುಟ್ಟಿದ ವರ್ಷವೇ ರೈಲು

ನಮ್ಮ ಜಿಲ್ಲೆಗೂ ಉಗಿಬಂಡಿಗೂ ಕಲೆಯ ನಂಟಿದೆ. ಬೆಂಗಳೂರಿನಿಂದ ತುಮಕೂರಿಗೆ ರೈಲು ಬಂದದ್ದು 1884ರಲ್ಲಿ. ಗುಬ್ಬಿಯಲ್ಲಿ ನಾಟಕ ಕಂಪನಿ ಹುಟ್ಟಿದ್ದೂ ಅದೇ 1884ರಲ್ಲಿ! ಮುಂದೆ 1889ರ ಹೊತ್ತಿಗೆ ಹಳಿ ಹರಿಹರ ಮುಟ್ಟಿತು. ಗುಬ್ಬಿ ವೀರಣ್ಣನವರ ಕೈಗೆ ಬಂದ ಕಂಪನಿ ನಾಡೆಲ್ಲ ಮುಟ್ಟಿತು. ಪರದೆ, ಪೆಟ್ಟಿಗೆ, ಕಿರೀಟ, ಗದೆಗಳನ್ನು ಕಟ್ಟಿಕೊಂಡು ನಾಟಕ ಕಂಪನಿಗಳು ರೈಲನ್ನೇ ನಂಬಿ ಊರೂರು ತಿರುಗಿದ ಕಾಲ ಅದು. ಆ ಕಂಪನಿಯ ಗರಡಿಯಲ್ಲೇ ಪಳಗಿದ ಡಾ. ರಾಜ್‌ಕುಮಾರ್ 1954ರ ‘ಬೇಡರ ಕಣ್ಣಪ್ಪ’ದಲ್ಲಿ ನಾಯಕರಾದದ್ದು ನಿಮಗೆ ಗೊತ್ತೇ ಇದೆ.

ಕಂಪನಿಯ ನೆನಪನ್ನು ನಾಡು ಜೋಪಾನ ಮಾಡಿತು. ಉಗಿಬಂಡಿಯ ಗತಿ? ಚಿತ್ತರಂಜನ್ ಕಾರ್ಖಾನೆ ತನ್ನ ಕೊನೆಯ ಬ್ರಾಡ್‌ಗೇಜ್ ಉಗಿ ಎಂಜಿನ್ ಕಟ್ಟಿದ್ದು 1970ರಲ್ಲಿ. ಅದಕ್ಕೆ ಇಟ್ಟ ಹೆಸರು ‘ಅಂತಿಮ್ ಸಿತಾರಾ’. ಕೊನೆಯ ತಾರೆ! ಬ್ರಾಡ್‌ಗೇಜಿನಲ್ಲಿ ಉಗಿಯ ದಿನನಿತ್ಯದ ಓಡಾಟ 1995ರಲ್ಲಿ ನಿಂತಿತು. ನಮ್ಮ ಕಡೆಯ ಮೀಟರ್ ಗೇಜ್ ಹಳಿಗಳೂ ಕಿತ್ತುಹೋಗಿ ಅಗಲ ಹಳಿ ಬಂದವು. ಅನುಕೂಲವಾಯಿತು, ಸುಳ್ಳಲ್ಲ. ಆದರೆ ತಾತನ ಎಂಜಿನ್ ಹರಿಯುವುದಕ್ಕೆ ಹಳಿಯೇ ಇಲ್ಲದ ಹಾಗಾಯಿತು.

ವಿಲನ್ ಯಾರು? ಬಸ್ ಮಾಲೀಕ!

ಇಂಥದೇ ಕಥೆ ಬೇರೆ ದೇಶದಲ್ಲಿ ಬೇರೆ ಕ್ಲೈಮ್ಯಾಕ್ಸ್ ಕಂಡಿದೆ. ಬ್ರಿಟನ್ನಿನ ವೇಲ್ಸ್‌ನಲ್ಲಿ ತಾಲಿಥ್ಲಿನ್ ಎಂಬ ಪುಟ್ಟ ರೈಲು. 1860ರ ದಶಕದಲ್ಲಿ ಹಂಚು ಕಲ್ಲು ಸಾಗಿಸಲು ಹಾಕಿದ ಕಿರಿದಾದ ಹಳಿ. 1948ರಲ್ಲಿ ಅಲ್ಲಿನ ಸರ್ಕಾರ ರೈಲ್ವೆಗಳನ್ನೆಲ್ಲ ವಹಿಸಿಕೊಂಡಾಗ ಈ ಬಡಪಾಯಿ ಆ ಪಟ್ಟಿಯಲ್ಲೇ ಇರಲಿಲ್ಲ! ಮಾಲೀಕ ಸರ್ ಹೆನ್ರಿ ಹೇಡನ್ ಜೋನ್ಸ್ ತಾವು ಬದುಕಿರುವವರೆಗೆ ರೈಲು ನಿಲ್ಲಿಸುವುದಿಲ್ಲ ಎಂದು ಓಡಿಸುತ್ತಿದ್ದರು. 1950ರ ಜುಲೈನಲ್ಲಿ ತೀರಿಕೊಂಡರು. ಅಲ್ಲಿಗೆ ಕಥೆ ಮುಗಿಯಬೇಕಿತ್ತು.

ಮುಗಿಯಲಿಲ್ಲ! ಟಾಮ್ ರೋಲ್ಟ್ ಎಂಬ ಬರಹಗಾರ ಸಮಾನ ಹುಚ್ಚಿನವರನ್ನು ಕಲೆಹಾಕಿದರು. ಅದೇ ಅಕ್ಟೋಬರಿನಲ್ಲಿ ಬರ್ಮಿಂಗ್‌ಹ್ಯಾಮ್‌ನ ಒಂದು ಹೋಟೆಲಿನಲ್ಲಿ ಸಭೆ. ಸಂಘ ಕಟ್ಟಿದರು. 1951ರ ಮೇ 14ರಂದು ಸಂಬಳವಿಲ್ಲದ ಸ್ವಯಂಸೇವಕರನ್ನು ನಂಬಿಕೊಂಡು ರೈಲು ಹೊರಟೇ ಬಿಟ್ಟಿತು. ಜಗತ್ತಿನಲ್ಲೇ ಅಂಥ ಮೊದಲ ರೈಲು ಅದು. ಇವತ್ತಿಗೂ ಓಡುತ್ತಿದೆ.

ಇದನ್ನು ನೋಡಿ ಬಂದ ಚಿತ್ರಕಥೆಗಾರ ಟಿ.ಇ.ಬಿ. ಕ್ಲಾರ್ಕ್ ಬರೆದ ಕಥೆಯೇ 1953ರ ಈಲಿಂಗ್ ಸ್ಟುಡಿಯೋದ ಹಾಸ್ಯಚಿತ್ರ ‘ದಿ ಟಿಟ್‌ಫೀಲ್ಡ್ ಥಂಡರ್‌ಬೋಲ್ಟ್’. ನಿರ್ದೇಶಕ ಚಾರ್ಲ್ಸ್ ಕ್ರೈಟನ್. ಹಳ್ಳಿಯ ರೈಲು ನಿಲ್ಲಿಸುತ್ತೇವೆ ಎಂದು ಮೇಲಿನವರ ಆಜ್ಞೆ. ಊರಿನ ಪಾದ್ರಿಯೇ ಎಂಜಿನ್ ಹತ್ತುತ್ತಾನೆ! ಊರಿನ ಶ್ರೀಮಂತ ದುಡ್ಡು ಕೊಡುತ್ತಾನೆ. ಯಾಕೆ ಗೊತ್ತೇ? ಓಡುವ ರೈಲಿನಲ್ಲಾದರೆ ಬೆಳಿಗ್ಗೆಯೇ ಗುಂಡು ಹಾಕಬಹುದು ಅಂತ! ಇನ್ನು ಖಳನಾಯಕರು? ಬಸ್ ಕಂಪನಿಯ ಮಾಲೀಕರು! ಬಸ್ ನಿಲ್ದಾಣದಲ್ಲಿ ಈ ಪತ್ರಿಕೆ ಕೊಂಡು ಓದುತ್ತಿರುವವರು ದಯವಿಟ್ಟು ಕೋಪಿಸಿಕೊಳ್ಳಬೇಡಿ. ವಿಲನ್‌ಗಳು ಎಂಜಿನ್ ಕೆಡಿಸಿದಾಗ ಹಳ್ಳಿಯವರು ಮ್ಯೂಸಿಯಂನಲ್ಲಿದ್ದ ಮುದಿ ಎಂಜಿನ್ನನ್ನೇ ತಂದು ಕಟ್ಟುತ್ತಾರೆ. ಆ ಪಾತ್ರ ಮಾಡಿದ್ದು 1838ರಲ್ಲಿ ತಯಾರಾದ ‘ಲಯನ್’ ಎಂಬ ನಿಜವಾದ ಎಂಜಿನ್. ಡ್ಯೂಪ್ ಅಲ್ಲ ಸ್ವಾಮಿ! ಕೊನೆಗೆ ರೈಲು ಹತ್ತು ನಿಮಿಷ ತಡ. ಎಲ್ಲರೂ ತಲೆ ಮೇಲೆ ಕೈ ಹೊತ್ತರೆ ಅಧಿಕಾರಿ ಹೇಳುತ್ತಾನೆ: ತಡವಾದದ್ದೇ ಒಳ್ಳೆಯದಾಯಿತು, ಇನ್ನೂ ಜೋರಾಗಿ ಬಂದಿದ್ದರೆ ವೇಗದ ಮಿತಿ ಮೀರಿ ಪರವಾನಗಿಯೇ ಸಿಗುತ್ತಿರಲಿಲ್ಲ!

ಬೆಳಗಿನ ಜಾವದ ಹೀರೋಗಳು

ತೆರೆಯ ಮೇಲೆ ನಗು ಸರಿ. ತೆರೆಯ ಹಿಂದೆ ಬೆವರು ಎಷ್ಟು? ತಾತನನ್ನೇ ಕೇಳಿದೆವು. “ಬೆಳಿಗ್ಗೆ ಗಾಡಿ ಹೊರಡ್ಬೇಕಾದ್ರೆ ರಾತ್ರಿನೇ ಬೆಂಕಿ ಹಾಕ್ಬೇಕು ಕಣಪ್ಪ. ಕೀಲಿ ತಿರುವಿದ್ರೆ ಹೊರಡೋಕೆ ಅದೇನು ಸ್ಕೂಟ್ರಾ?”

ತಣ್ಣಗಿರುವ ಎಂಜಿನ್ನಿಗೆ ಉಗಿ ಏರಿಸಲು ಗಂಟೆಗಟ್ಟಲೆ ಬೇಕು. ದೊಡ್ಡ ಬಾಯ್ಲರ್ ಆದರೆ ಹಿಂದಿನ ದಿನವೇ ಶುರು. ಆತುರಪಟ್ಟು ಕಾಯಿಸಿದರೆ ಒಂದು ಕಡೆ ಬಿಸಿ, ಒಂದು ಕಡೆ ತಣ್ಣಗಾಗಿ ಉಕ್ಕು ಎಳೆದಾಡಿ ಸೀಳು ಬಿಡುತ್ತದೆ. ಮೊದಲು ನಿನ್ನೆಯ ಬೂದಿ, ಕಿಟ್ಟ ಬಾಚಬೇಕು. ಬಾಯ್ಲರಿನಲ್ಲಿ ನೀರಿದೆಯೇ ನೋಡಬೇಕು. ಆಮೇಲೆ ಸೌದೆ, ಎಣ್ಣೆ ಬಟ್ಟೆ, ಅದು ಹಿಡಿದ ಮೇಲೆ ಕಲ್ಲಿದ್ದಲು. ಬೆಂಕಿ ಕಾಯುವಾಗಲೇ ಒಬ್ಬ ಎಣ್ಣೆ ಡಬ್ಬ ಹಿಡಿದು ಗಾಲಿಯ ಕೆಳಗೆ ನುಸುಳಿ ಒಂದೊಂದು ಕೀಲಿಗೂ ಎಣ್ಣೆ ಬಿಡಬೇಕು. ಒಂದು ಕೀಲು ಮರೆತರೆ ದಾರಿಯಲ್ಲಿ ಕಾದು ಕೆಂಡ!

ಎಲ್ಲಕ್ಕಿಂತ ದೊಡ್ಡ ಭಯ ನೀರಿನದು. ಬೆಂಕಿಗೂಡಿನ ಮೇಲ್ಛಾವಣಿ ಸದಾ ನೀರಿನಲ್ಲಿ ಮುಳುಗಿರಬೇಕು. ಗಾಜಿನ ಕೊಳವೆಯಲ್ಲಿ ಮಟ್ಟ ನೋಡುತ್ತಲೇ ಇರಬೇಕು. ನೀರು ಇಳಿದು ಛಾವಣಿ ಕಾದರೆ ಅಲ್ಲಿರುವ ಸೀಸದ ಬಿರಡೆ ಕರಗಿ ಉಗಿ ಬೆಂಕಿಯ ಮೇಲೆ ನುಗ್ಗುತ್ತದೆ. ಅದು ಕೊನೆಯ ಎಚ್ಚರಿಕೆ. ಅದನ್ನೂ ಮೀರಿದರೆ ಬಾಯ್ಲರ್ ಸಿಡಿಯಬಹುದು. ಸಿನಿಮಾದಲ್ಲಿ ಬಾಂಬು ಹುಸಿ, ಇಲ್ಲಿ ಅಸಲಿ.

ನಮ್ಮ ಕಡೆಯ ಬೋರ್‌ವೆಲ್ ನೀರು ಕಾಯಿಸುವ ಬಚ್ಚಲ ಹಂಡೆ ನೋಡಿದ್ದೀರಲ್ಲ? ಒಳಗೆ ಬಿಳೀ ಸುಣ್ಣದ ಪೊರೆ ಕಟ್ಟಿರುತ್ತದೆ. ಬಾಯ್ಲರಿನಲ್ಲೂ ಅದೇ ಕಾಟ. ಪೊರೆ ದಪ್ಪವಾದರೆ ಶಾಖ ನೀರಿಗೆ ಹೋಗದೆ ಲೋಹವನ್ನೇ ಸುಡುತ್ತದೆ. ಅದಕ್ಕೇ ಆಗಾಗ ಎಂಜಿನ್ ಆರಿಸಿ, ಬಿರಡೆಗಳನ್ನೆಲ್ಲ ಬಿಚ್ಚಿ, ಜೋರು ನೀರು ಹಾಯಿಸಿ ತೊಳೆಯಬೇಕು. ಬ್ರಿಟನ್ನಿನ ಇಂಥ ರೈಲುಗಳಲ್ಲಿ ಸುಮಾರು ಹತ್ತು ವರ್ಷಕ್ಕೊಮ್ಮೆ ಬಾಯ್ಲರನ್ನೇ ಇಳಿಸಿ, ಕೊಳವೆಗಳನ್ನು ಬದಲಿಸಿ, ಪರೀಕ್ಷೆ ಮಾಡಿಸಬೇಕು. ಹೊಸ ಸರ್ಟಿಫಿಕೇಟ್ ಸಿಗದಿದ್ದರೆ ಓಡುವಂತಿಲ್ಲ. ನಮ್ಮ ಸೆನ್ಸಾರ್‌ನವರಾದರೂ ಕತ್ತರಿ ಹಾಕಿ ಬಿಟ್ಟಾರು, ಬಾಯ್ಲರ್ ಇನ್‌ಸ್ಪೆಕ್ಟರ್ ಬಿಡುವುದಿಲ್ಲ!

ಇಷ್ಟನ್ನೂ ಅಲ್ಲಿ ಮಾಡುವವರಲ್ಲಿ ಹೆಚ್ಚಿನವರು ಸಂಬಳವಿಲ್ಲದವರು. ವಾರವೆಲ್ಲ ಬ್ಯಾಂಕು, ಶಾಲೆ, ಆಫೀಸು, ಭಾನುವಾರ ಬೂದಿ. ಬಂದ ಕೂಡಲೇ ಯಾರೂ ಡ್ರೈವರ್ ಆಗುವುದಿಲ್ಲ. ಮೊದಲು ಎಂಜಿನ್ ಒರೆಸುವವನು, ಆಮೇಲೆ ಫೈರ್‌ಮನ್, ಆಮೇಲೆ ಡ್ರೈವರ್. ಮೆಟ್ಟಿಲು ಮೆಟ್ಟಿಲಿಗೂ ಪರೀಕ್ಷೆ. ವರ್ಷಗಳೇ ಬೇಕು. ನಮ್ಮ ನಾಟಕ ಕಂಪನಿಯಲ್ಲಿ ಪರದೆ ಎಳೆಯುತ್ತಾ ಶುರುಮಾಡಿ ರಾಜಾಪಾರ್ಟು ಮುಟ್ಟಿದ ಹಾಗೆ!

ಸಿನಿಮಾ ಕಟ್ಟಿದ ಟಿಕೆಟ್ಟು

ಆದರೆ ಬೆವರೊಂದರಿಂದಲೇ ಕಲ್ಲಿದ್ದಲು ಬರುತ್ತದೆಯೇ? ಇಲ್ಲಿಯೇ ನಮ್ಮ ಚಿತ್ರರಂಗದ ಪ್ರವೇಶ. ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿ ಕೀಲಿ ಅಂಡ್ ವರ್ತ್ ವ್ಯಾಲಿ ಎಂಬ ಎಂಟು ಕಿಲೋಮೀಟರ್ ರೈಲು ಮಾರ್ಗ. ಮುಚ್ಚಿಹೋಗಿದ್ದ ಅದನ್ನು ಊರಿನವರೂ ಸ್ವಯಂಸೇವಕರೂ ಸೇರಿ 1968ರಲ್ಲಿ ಮತ್ತೆ ತೆರೆದರು. ಎರಡೇ ವರ್ಷಕ್ಕೆ, 1970ರಲ್ಲಿ, ಅಲ್ಲಿ ಚಿತ್ರೀಕರಿಸಿದ ‘ದಿ ರೈಲ್ವೇ ಚಿಲ್ಡ್ರನ್’ ಬಿಡುಗಡೆ. ಚಿತ್ರ ನೋಡಿದವರೆಲ್ಲ ಆ ನಿಲ್ದಾಣ ನೋಡಲು ಹೊರಟರು. 2022ರಲ್ಲಿ ಬಿಡುಗಡೆಯಾದ ಅದರ ಮುಂದಿನ ಭಾಗವೂ ಅಲ್ಲೇ ತಯಾರಾಯಿತು. ಹ್ಯಾರಿ ಪಾಟರ್ ಚಿತ್ರದ ಹಾಗ್ಸ್‌ಮೀಡ್ ನಿಲ್ದಾಣವೂ ಅಷ್ಟೇ. ಅದು ನಾರ್ತ್ ಯಾರ್ಕ್‌ಶೈರ್ ಮೂರ್ಸ್ ಎಂಬ ಇಂಥದೇ ರೈಲಿನ ಗೋಥ್‌ಲ್ಯಾಂಡ್ ನಿಲ್ದಾಣ.

ಹಾಗಂತ ಅಲ್ಲಿ ಎಲ್ಲವೂ ಸುಖಾಂತ್ಯ ಎಂದುಕೊಳ್ಳಬೇಡಿ. 2023ರಲ್ಲಿ ವೇಲ್ಸ್‌ನ ಫಾಸ್-ಇ-ಫ್ರಾನ್ ಕಲ್ಲಿದ್ದಲು ಗಣಿ ಮುಚ್ಚಿದ ಮೇಲೆ ಈ ರೈಲುಗಳು ಹೊರದೇಶದ ಕಲ್ಲಿದ್ದಲಿಗೆ ಕೈಚಾಚಬೇಕಾಗಿದೆ. ಉಗಿಯ ಕಾಲ ಕಂಡ ಸ್ವಯಂಸೇವಕರಿಗೂ ವಯಸ್ಸಾಗುತ್ತಿದೆ. ಹೊಸ ಕೈ ಬಾರದಿದ್ದರೆ ಬೆಂಕಿ ಆರುತ್ತದೆ.

ನಮ್ಮಲ್ಲಿ ಏನಿದೆ, ಏನಿಲ್ಲ

ನಮ್ಮ ದೇಶದಲ್ಲಿ ಉಗಿ ಪೂರ್ತಿ ಆರಿಲ್ಲ. 1855ರ ‘ಫೇರಿ ಕ್ವೀನ್’ ಎಂಬ ಮುತ್ತಜ್ಜಿ ಎಂಜಿನ್ 1997ರಲ್ಲಿ ಮತ್ತೆ ಪ್ರವಾಸಿ ಗಾಡಿ ಎಳೆದು ಜಗತ್ತನ್ನೇ ಬೆರಗುಗೊಳಿಸಿತು. 1999ರಲ್ಲಿ ಉಗಿಪ್ರಿಯರು ಇಂಡಿಯನ್ ಸ್ಟೀಮ್ ರೈಲ್ವೇ ಸೊಸೈಟಿ ಕಟ್ಟಿಕೊಂಡರು. ಹರಿಯಾಣದ ರೇವಾಡಿಯ ಹಳೇ ಶೆಡ್ಡಿನಲ್ಲಿ ರೈಲ್ವೆಯವರು ಉಗಿ ಎಂಜಿನ್‌ಗಳನ್ನು ಜೀವಂತ ಇಟ್ಟಿದ್ದಾರೆ. ಅಲ್ಲಿನ ‘ಅಕ್ಬರ್’ ಅಂತೂ ನಮ್ಮವನೇ, ಅಂದರೆ ಚಿತ್ರರಂಗದವನೇ! 1965ರಲ್ಲಿ ಚಿತ್ತರಂಜನ್‌ನಲ್ಲಿ ಹುಟ್ಟಿದ ಇವನು ‘ಗದರ್’, ‘ಭಾಗ್ ಮಿಲ್ಖಾ ಭಾಗ್’, ‘ಸುಲ್ತಾನ್’ ಮೊದಲಾದ ಚಿತ್ರಗಳಲ್ಲಿ ಬಣ್ಣ ಹಚ್ಚಿದ್ದಾನೆ.

ನಮ್ಮ ಪಕ್ಕದ ನೀಲಗಿರಿ ಬೆಟ್ಟದ ರೈಲಂತೂ ಹುಟ್ಟು ನಟಿ. ಮೆಟ್ಟುಪಾಳ್ಯದಿಂದ ಊಟಿಗೆ 46 ಕಿಲೋಮೀಟರ್, 208 ತಿರುವು, 16 ಸುರಂಗ. ಕೂನೂರಿನವರೆಗಿನ ಕಡಿದಾದ ಏರಿನಲ್ಲಿ ಹಲ್ಲಿನ ಹಳಿ ಕಚ್ಚಿಕೊಂಡು ಉಗಿ ಎಂಜಿನ್ ಹಿಂದಿನಿಂದ ತಳ್ಳುತ್ತದೆ. 2005ರಲ್ಲಿ ಯುನೆಸ್ಕೋ ಪಟ್ಟಿಗೂ ಏರಿತು. 1984ರ ‘ಎ ಪ್ಯಾಸೇಜ್ ಟು ಇಂಡಿಯಾ’ಗೆ ಡೇವಿಡ್ ಲೀನ್ ನಮ್ಮ ಸಾವನದುರ್ಗ, ರಾಮದೇವರ ಬೆಟ್ಟದಲ್ಲಿ ಗುಹೆ ಹುಡುಕಿದರು. ರೈಲಿಗೆ ಮಾತ್ರ ನೀಲಗಿರಿಗೇ ಹೋಗಬೇಕಾಯಿತು. 1998ರ ‘ದಿಲ್ ಸೇ’ಯಲ್ಲಿ ಶಾರುಖ್ ಖಾನ್ ಕುಣಿದದ್ದೂ ಅದೇ ರೈಲಿನ ನೆತ್ತಿಯ ಮೇಲೆ.

ಕರ್ನಾಟಕದಲ್ಲಿ? ಮೈಸೂರಿನಲ್ಲಿ 1979ರಿಂದ ರೈಲ್ವೆ ಮ್ಯೂಸಿಯಂ ಇದೆ. ಮಹಾರಾಣಿಯವರ ಸಲೂನ್ ಬೋಗಿ, ಮೈಸೂರು ಸಂಸ್ಥಾನದ ಕಾಲದ ಎಂಜಿನ್ ಎಲ್ಲ ನೋಡಬಹುದು. ಹುಬ್ಬಳ್ಳಿಯಲ್ಲೂ 2020ರಲ್ಲಿ ಮ್ಯೂಸಿಯಂ ಆಯಿತು. ಶಂಕರ್ ನಾಗ್ ‘ಮಾಲ್ಗುಡಿ ಡೇಸ್’ಗೆ ಬಳಸಿದ ಶಿವಮೊಗ್ಗ ಜಿಲ್ಲೆಯ ಅರಸಾಳು ನಿಲ್ದಾಣದ ಹಳೇ ಕಟ್ಟಡ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಆಯಿತು. ಒಂದು ಧಾರಾವಾಹಿ ಒಂದು ನಿಲ್ದಾಣವನ್ನೇ ಉಳಿಸಿತು ನೋಡಿ! ಆದರೆ ನಿಲ್ದಾಣ ಉಳಿದರೆ ಸಾಕೇ? ಊರಿನವರೇ ಕೈ ಮಸಿ ಮಾಡಿಕೊಂಡು, ಬೆಂಕಿ ಹಾಕಿ, ನಿಜವಾದ ಉಗಿ ಗಾಡಿ ಓಡಿಸುವ ಜಾಗ? ಅದು ಮಾತ್ರ ನಮಗೆ ಇನ್ನೂ ಒಲಿದಿಲ್ಲ. ರೈಲ್ವೆ ಸರ್ಕಾರದ್ದು, ಹಳಿ ಸರ್ಕಾರದ್ದು. ಅಭಿಮಾನಿ ಎಂಬುವನು ಬೇಲಿಯಾಚೆ ನಿಂತು ಫೋಟೋ ತೆಗೆಯಬೇಕು, ಅಷ್ಟೇ.

ಕೈಯಲ್ಲಿರುವ ವಿದ್ಯೆ

ಗಾಂಧೀನಗರದ ನಿರ್ಮಾಪಕರೇ, ನಮ್ಮದೊಂದು ಸಣ್ಣ ಅರ್ಜಿ. ಹಳೇ ಕಾಲದ ರೈಲಿನ ಸೀನು ಬೇಕಾದಾಗ ಕಂಪ್ಯೂಟರ್ ಹೊಗೆಗೆ ಲಕ್ಷಗಟ್ಟಲೆ ಸುರಿಯುತ್ತೀರಿ. ಅದರಲ್ಲಿ ಒಂದು ಪಾಲು ತೆಗೆದಿಟ್ಟು ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ಒಂದೇ ಒಂದು ಎಂಜಿನ್ನಿಗೆ ಜೀವ ಬರುವ ಹಾಗೆ ರೈಲ್ವೆಯವರ ಜೊತೆ ಕೂತು ಮಾತಾಡಬಾರದೇ? ಅರ್ಧ ಕಿಲೋಮೀಟರ್ ಹಳಿ ಸಾಕು. ಒರೆಸಲು, ಬೂದಿ ಬಾಚಲು ಹುಡುಗರು ಸಿಗುತ್ತಾರೆ. ಸಂಬಳವಿಲ್ಲದೆ ಕಟೌಟ್ ಕಟ್ಟುವ, ಹಾಲಿನ ಅಭಿಷೇಕ ಮಾಡುವ ಅಭಿಮಾನಿಗಳ ನಾಡು ಸ್ವಾಮಿ ಇದು!

ಹಳಿ ಇಂದಲ್ಲ ನಾಳೆ ಹಾಕಬಹುದು. ಬಾಯ್ಲರ್ ದುಡ್ಡು ಕೊಟ್ಟು ಮಾಡಿಸಬಹುದು. ಆದರೆ ಬೆಂಕಿಯ ಬಣ್ಣ ನೋಡಿ ಸಲಿಕೆ ಎತ್ತುವ ಆ ಕೈ? ಅದಕ್ಕೆ ಕಾಲ ಕಾಯುವುದಿಲ್ಲ. ಅರಸೀಕೆರೆ, ಹುಬ್ಬಳ್ಳಿ, ಮೈಸೂರಿನ ಕಡೆ ಇಂಥ ತಾತಂದಿರು ಇನ್ನೂ ಇದ್ದಾರೆ. ಕೈಯಲ್ಲಿ ಮೊಬೈಲ್ ಇರುವ ಮೊಮ್ಮಕ್ಕಳು ಒಂದು ಗಂಟೆ ಪಕ್ಕದಲ್ಲಿ ಕೂತು ಅವರ ಮಾತು ಹಿಡಿದಿಟ್ಟರೂ ಅದು ಮೊದಲ ಸ್ವಯಂಸೇವೆಯೇ. ಅದಕ್ಕೆ ಯಾರ ಪರವಾನಗಿಯೂ ಬೇಡ.

ಹೊರಡುವಾಗ ತಾತನನ್ನು ಕೇಳಿದೆವು. “ಈಗ ಎಂಜಿನ್ ಕೊಟ್ಟರೆ ಬೆಂಕಿ ಹಾಕ್ತೀರಾ ತಾತ?”

ಅವರು ಉತ್ತರ ಕೊಡಲಿಲ್ಲ. ಎದ್ದು ನಿಂತರು. ಎಡಗಾಲು ಮುಂದೆ, ಬಲಗಾಲು ಹಿಂದೆ. ಇಲ್ಲದ ಸಲಿಕೆಯನ್ನು ಇಲ್ಲದ ಕಲ್ಲಿದ್ದಲಿಗೆ ತೂರಿಸಿ, ಸೊಂಟ ತಿರುಗಿಸಿ, ಮಣಿಕಟ್ಟು ಒಂದು ಸಲ ಕುಲುಕಿದರು. “ಎಡ ಮೂಲೆಗೆ ಒಂದು, ಬಲ ಮೂಲೆಗೆ ಒಂದು, ಬಾಗ್ಲ ಹತ್ರ ಒಂದು. ಗೊತ್ತಾಯ್ತಾ? ಈಗ ನೀನು ಮಾಡು ನೋಡಾನ.”

ಟೀ ಅಂಗಡಿಯವರು ನಗುತ್ತಿದ್ದರು. ನಾವೂ ಎದ್ದು ನಿಂತು ಮಾಡಿದೆವು. ಮೂರನೇ ಸಲ ಸರಿಯಾಯಿತಂತೆ!